ಮಾಮಾನನ್ನು ಕರೆಸಿದ ಮಡಚುವ ಟೇಬಲ್ಲು

ಮಡಚಿಡಬಹುದಾದ ವೆಲ್ಡಿಂಗ್ ಟೇಬಲ್ಲು ಬೇಕೆಂದು ಮೊದಲು ಹೇಳಿದ್ದು ನಾನೋ, ಕಮಲಾಪುರದ ಮಾಮಾನೋ, ಈಗ ಖಚಿತವಿಲ್ಲ. ನಾನೇ ಎಂದು ನನ್ನ ನೆನಪು, ಅಲ್ಲ ಎಂದು ಹೆಂಡತಿಯ ನೆನಪು. ಎಲ್ಲದಕ್ಕೂ ಆಧಾರ ಕೇಳುವುದನ್ನು ವಿಶ್ವವಿದ್ಯಾಲಯ ನನಗೆ ಕಲಿಸಿತು. ಆದರೆ ನೆನಪಿಗೇ ಆಧಾರ ಕೇಳಿದರೆ ಅದು ಸಿಟ್ಟು ಮಾಡಿಕೊಂಡು ಎದ್ದುಹೋಗುತ್ತದೆ.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಕಮಲಾಪುರದಲ್ಲಿ ಗೇಟು, ಕಿಟಕಿಗಳ ವೆಲ್ಡಿಂಗ್ ಮಾಡುತ್ತಿದ್ದರು. ಅಕ್ಕ ಇದ್ದಾಗ ಭಾನುವಾರ ಇಬ್ಬರೂ ಕೆಂಪು ಬಾಳೆಹಣ್ಣು ಹಿಡಿದು ಬ್ರಹ್ಮಪುರದ ನಮ್ಮ ಮನೆಗೆ ಬರುತ್ತಿದ್ದರು. ಅವಳು ತೀರಿಕೊಂಡ ಮೇಲೆ ಮಾಮಾ ಬರುವುದನ್ನೇ ಬಿಟ್ಟರು. ಸುಮ್ಮನೆ ಬನ್ನಿ ಎಂದು ಕರೆಯಲು ಗಂಡಸರಿಗೆ ಬಾಯಿ ಬರುವುದಿಲ್ಲ, ಏನಾದರೂ ಕೆಲಸದ ನೆಪ ಬೇಕು. ಹಾಗೆ ನನಗೆ ವೆಲ್ಡಿಂಗ್ ಕಲಿಯುವ ಹುಚ್ಚು ಹಿಡಿಯಿತು. ಹಿತ್ತಲು ಚಿಕ್ಕದು, ಬಟ್ಟೆ ಒಣಹಾಕಲೂ ಅದೇ ಜಾಗ. ಆದ್ದರಿಂದ ಟೇಬಲ್ಲು ಮಡಚಲೇಬೇಕು.

ಶಹಾಬಜಾರದಲ್ಲಿ ಶಾಮಿಯಾನದವರ ಮಡಚುವ ಊಟದ ಟೇಬಲ್ಲು ನೋಡಿದೆ. ಮೇಲಿನದು ಪ್ಲೈವುಡ್, ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಆಗ ಹೊಳೆದದ್ದು ಶಹಾಬಾದಿ ಫರಸಿ, ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು. ನಮ್ಮ ಕಡೆ ನೆಲ ಫರಸಿ, ಅಡುಗೆ ಕಟ್ಟೆ ಫರಸಿ, ಕೆಲವರ ಮಾಳಿಗೆಯೂ ಫರಸಿ. ಸಪಾಟಾಗಿರುವುದೆಲ್ಲ ಆ ಕಲ್ಲಿನದೇ ಆಗಿರಬೇಕೆಂದು ನಾವು ಹುಟ್ಟುತ್ತಲೇ ನಂಬಿಬಿಟ್ಟಿರುತ್ತೇವೆ. ಮಡಚುವ ಕಬ್ಬಿಣದ ಕಾಲುಗಳ ಮೇಲೆ ಒಂದು ಫರಸಿ ಕೂರಿಸಿ, ಬಂದು ನೋಡಿ ಎಂದು ಮಾಮಾನಿಗೆ ಹೇಳಿಕಳಿಸಿದೆ.

ಬಂದರು. ಅದರ ಸುತ್ತ ಒಮ್ಮೆ ತಿರುಗಿದರು.

"ತಮ್ಮಾ, ಇದರ ಮ್ಯಾಲ ರೊಟ್ಟಿ ಬಡೀತಿಯೋ, ವೆಲ್ಡಿಂಗ್ ಮಾಡ್ತಿಯೋ?"

"ಕಲ್ಲು ಸುಡಂಗಿಲ್ಲಲ್ರೀ ಮಾಮಾ."

"ಸುಡಂಗಿಲ್ಲ, ಸಿಡೀತದ. ವೆಲ್ಡಿಂಗಿಗೆ ಬೇಕಾದ ಕರೆಂಟೂ ಇದರಾಗ ಹರಿಯಂಗಿಲ್ಲ. ಮತ್ತ ಇದನ್ನ ಮಡಚಲಾಕ ಓಣಿ ಮಂದೀನೆಲ್ಲ ಕರೀಬೇಕು." ಸ್ವಲ್ಪ ಹೊತ್ತು ಕಲ್ಲನ್ನು ಸವರಿದರು. "ನಾನೂ ಮೊದಲ ಇದೇ ಹುಚ್ಚತನ ಮಾಡಿದ್ದೆ. ನಿಮ್ಮಕ್ಕ ನಕ್ಕಿದ್ದೇ ನಕ್ಕಿದ್ದು."

ಅಕ್ಕ ಹೋದ ಮೇಲೆ ಅವರು ಅವಳ ಮಾತೆತ್ತಿದ್ದು ಅದೇ ಮೊದಲು ಎಂದು ನೆನಪು. ಒಳಗೆ ಹೆಂಡತಿಯ ಬಳೆಯ ಸದ್ದು ನಿಂತಿತ್ತು ಎಂದೂ ನೆನಪು, ಆದರೆ ಅದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು.

ಫರಸಿ ಬಟ್ಟೆ ಒಗೆಯುವ ಕಲ್ಲಾಯಿತು. ಕಾಲುಗಳನ್ನು ಮಾಮಾ ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ, ದಪ್ಪ ಕಬ್ಬಿಣದ ಹಾಳೆ ಜೋಡಿಸಿ, ಎತ್ತರ ಬದಲಿಸುವಂತೆ ಮಾಡಿ ತಂದರು. ಆಮೇಲಿನ ಭಾನುವಾರಗಳಲ್ಲಿ ನಾವು ಮಾಡಿದ ಸ್ಟೂಲುಗಳ ಮೇಲೆ ಧೈರ್ಯವಂತರು ಮಾತ್ರ ಕೂತರು. ಕೊಡೆ, ಚಾಪೆ, ಟೇಬಲ್ಲು, ಮಡಚುವ ವಸ್ತುಗಳೆಲ್ಲ ಯಾರೋ ಬಂದು ಬಿಚ್ಚಲಿ ಎಂದು ಗೋಡೆಗೊರಗಿ ಕಾಯುತ್ತವೆ.

ಈಗ ಮಾಮಾನೂ ಇಲ್ಲ. ನಿಜವಾಗಿ ಬರುವ ಮನಸ್ಸಿತ್ತೋ, ನನ್ನ ಹಟಕ್ಕೆ ಬಂದರೋ ಎಂಬ ಅನುಮಾನ ಬಿಡದೆ ಕಾಡಿತು. ಅವರು ತಮ್ಮ ಎತ್ತರಕ್ಕೆಂದೂ ಕಾಲುಗಳಲ್ಲಿ ತೂತು ಕೊರೆದಿದ್ದರೆಂಬ ನೆನಪನ್ನೂ ನಂಬದೆ, ಮೊನ್ನೆ ಟೇಬಲ್ಲನ್ನು ಹೊರಗೆಳೆದು ಬಿಚ್ಚಿ ನೋಡಿದೆ. ಒಂದೊಂದು ಕಾಲಿಗೂ ಎರಡೆರಡು ತೂತುಗಳಿವೆ. ಕೆಳಗಿನದಕ್ಕೆ ಬೋಲ್ಟು ಹಾಕಿದರೆ ಟೇಬಲ್ಲು ನನ್ನ ಸೊಂಟಕ್ಕೆ ಸರಿ. ಮೇಲಿನದಕ್ಕೆ ಹಾಕಿದರೆ ನಾಲ್ಕು ಬೆರಳು ಎತ್ತರ, ಮಾಮಾನ ಸೊಂಟಕ್ಕೆ ಸರಿ.