ನಾಲ್ಕು ಗಂಟೆ ಹೊಡೆಸಿದ ಅತ್ತೆ

ಮೊದಲು ನಮ್ಮ ಅತ್ತೆಯ ಕಿವಿಯ ಬಗ್ಗೆ ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಅತ್ತೆ ಅಂದರೆ ಅಪ್ಪನ ಅಕ್ಕ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಎದುರಿಗೆ ಆಳೆತ್ತರದ ಬೋರ್ಡು, ಅದರ ತುಂಬ ತೂತು, ಕೈಯಲ್ಲಿ ವೈರು. ಯಾರೋ ಕರೆದರೆ ಒಂದು ದೀಪ ಮಿಣುಕುತ್ತದೆ. ಯಾರು ಬೇಕೆಂದು ಕೇಳಿ, ಅವರ ತೂತಿಗೆ ವೈರಿನ ಇನ್ನೊಂದು ತುದಿ ಸಿಕ್ಕಿಸಬೇಕು. ಅರ್ಧ ಊರು ಅವಳಿಗೆ ದನಿಯಿಂದ ಗೊತ್ತು, ಮುಖದಿಂದ ಗೊತ್ತಿಲ್ಲ. ತರಕಾರಿ ಅಂಗಡಿಯಲ್ಲಿ ಬೆನ್ನ ಹಿಂದೆ ಯಾರಾದರೂ ಕೆಮ್ಮಿದರೆ ಸಾಕು, ತಿರುಗದೆಯೇ "ಮರದ ಡಿಪೋದವ್ರು" ಅನ್ನುತ್ತಿದ್ದಳು.

ಆ ಕೆಲಸಕ್ಕೆ ಒಂದು ಕಟ್ಟುನಿಟ್ಟಿತ್ತು. ಸಂಪರ್ಕ ಕೊಟ್ಟ ಕೂಡಲೇ ಕಿವಿ ತೆಗೆಯುವಂತಿಲ್ಲ. ಎರಡೂ ಕಡೆಯಿಂದ ಮೊದಲ ಮಾತು ಬರುವ ತನಕ ಕಾಯಬೇಕು. ಬಂದ ಮೇಲೆ ಅರೆಕ್ಷಣವೂ ನಿಲ್ಲುವಂತಿಲ್ಲ.

"ಮೊದಲನೇ ಮಾತು ನಮ್ದು, ಎರಡನೇದು ಅವ್ರದು" ಎಂದು ಅತ್ತೆ ಈಗಲೂ ಹೇಳುತ್ತಾಳೆ. ಫೋನಿನಲ್ಲಿ ನಾನು ಗೆಳತಿಯ ಜೊತೆ ಮಾತಾಡುತ್ತಿದ್ದರೆ, "ಹಲೋ" ಕೇಳಿ ಎದ್ದು ಒಳಗೆ ಹೋಗಿಬಿಡುತ್ತಾಳೆ.

ರೋಗಕ್ಕೆ ಹೆದರಿ ಊರಿಗೆ ಊರೇ ಕದ ಹಾಕಿಕೊಂಡು ಕೂತಿತ್ತಲ್ಲ, ಆ ದಿನಗಳು. ನಮ್ಮ ಬೀದಿ ನೀರಿನಡಿ ಮುಳುಗಿದ ಹಾಗಿತ್ತು. ಬೆಳಕು ಬರುತ್ತಿತ್ತು, ಹೋಗುತ್ತಿತ್ತು, ಯಾರನ್ನೂ ಮುಟ್ಟುತ್ತಿರಲಿಲ್ಲ. ಎದುರು ಸಾಲಿನ ಕಿಟಕಿಗಳಲ್ಲಿ ಒಂದೊಂದು ತಲೆ ಮೂಡಿ, ಮೀನಿನ ಹಾಗೆ ಸ್ವಲ್ಪ ಹೊತ್ತು ನಿಂತು, ಒಳಗೆ ಸರಿಯುತ್ತಿತ್ತು. ಅತ್ತೆ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತಿದ್ದಳು.

"ನಮ್ಮ ಎಕ್ಸ್‌ಚೇಂಜ್ ಬೋರ್ಡ್ ಇದ್ದ ಹಾಗೇ ಇದೆ ಕಣೆ. ಎಷ್ಟೊಂದು ದೀಪ. ವೈರೇ ಇಲ್ಲ."

ನಾನಾಗ ವೆಬ್‌ಸೈಟ್ ಮಾಡುವುದನ್ನು ಕಲಿಯುತ್ತಿದ್ದೆ. ಕೈ ತುರಿಸುತ್ತಿತ್ತು. ನಾಲ್ಕು ದಿನ ಕೂತು ನಮ್ಮ ಬೀದಿಗೊಂದು ಪುಟ ಮಾಡಿದೆ. ಗೊತ್ತಿರುವ ಕೆಲಸವನ್ನು ಒಬ್ಬರು ಇನ್ನೊಬ್ಬರಿಗೆ ಮನೆಯಿಂದಲೇ ಹೇಳಿಕೊಡುವುದು, ಹೊತ್ತೂ ಹೋಗುತ್ತದೆ, ಒಂಟಿತನವೂ ಕರಗುತ್ತದೆ ಎಂಬ ಲೆಕ್ಕಾಚಾರ. ಎರಡು ಸಾಲು ಇಟ್ಟಿದ್ದೆ: 'ಕಲಿಸಬಲ್ಲೆ', 'ಕಲಿಯಬೇಕು'. ವಾರದೊಳಗೆ ನಲವತ್ತಮೂರು ಜನ ಹೆಸರು ಕೊಟ್ಟರು. ನಲವತ್ತೆರಡು ಹೆಸರು 'ಕಲಿಯಬೇಕು' ಸಾಲಿನಲ್ಲಿ. ಅದರಲ್ಲಿ ಅತ್ತೆಯದೂ ಒಂದು. 'ಕಲಿಸಬಲ್ಲೆ' ಸಾಲು ಬಟಾಬಯಲು.

ಅತ್ತೆ ಬಿದ್ದು ಬಿದ್ದು ನಕ್ಕಳು. "ಊಟಕ್ಕೆ ಎಲ್ರೂ ಕೂತಿದ್ದಾರೆ, ಬಡಿಸೋರೇ ಇಲ್ಲ!"

"ನೀನೂ ಎಲೆ ಹಾಕ್ಕೊಂಡು ಕೂತಿದ್ದೀಯಲ್ಲ ಅತ್ತೆ!"

"ನಂಗೇನೇ ಬರುತ್ತೆ? ಸರಿ, ಫೋನ್ ನಂಬರ್ ಇದ್ಯಾ? ಕೊಡು ಇಲ್ಲಿ."

ಲ್ಯಾಂಡ್‌ಲೈನಿನ ಉದ್ದ ವೈರನ್ನು ಮಡಿಲಲ್ಲಿ ಸುತ್ತಿಕೊಂಡು ಒಬ್ಬೊಬ್ಬರಿಗೇ ಫೋನ್ ಹಚ್ಚತೊಡಗಿದಳು. ನಾನು ಇನ್ನೊಂದು ಸೆಟ್ಟಿನಲ್ಲಿ ಕೇಳುತ್ತ ಬರೆದುಕೊಳ್ಳಬೇಕು. ಮೊದಲು ಸಿಕ್ಕಿದ್ದು ಪಕ್ಕದ ಮನೆಯ ಬಸ್ ಕಂಡಕ್ಟರ್.

"ನಂಗೇನ್ ಬರುತ್ತೆ ಅಕ್ಕಾ? ಸೀಟಿ ಊದೋದು, ರೈಟ್ ಅನ್ನೋದು. ಬಸ್ಸೇ ಇಲ್ಲ ಈಗ."

"ಅದಿರಲಿ. ಬೆಳಗ್ಗಿಂದ ಏನ್ ಮಾಡಿದ್ರಿ?"

"ಏನೂ ಇಲ್ಲ. ಮನೆಯವಳ ಚಪ್ಪಲಿ ಕಿತ್ತೋಗಿತ್ತು, ಹೊಲಿದೆ. ನಮ್ಮಪ್ಪನ ಹಳೇ ಗಡಿಯಾರ ನಿಂತೋಗಿದೆ, ಬಿಚ್ಚೋಕೆ ಹೋಗಿ ಬೈಸ್ಕೊಂಡೆ."

ಅತ್ತೆ ನನ್ನ ಕಡೆ ತಿರುಗಿದಳು. "ಚಪ್ಪಲಿ ಹೊಲಿಗೆ. ಬರ್ಕೊಳ್ಳೇ."

'ಏನೂ ಬರಲ್ಲ' ಎಂದಿದ್ದ ನಿವೃತ್ತ ನರ್ಸ್ ಬೆಳಿಗ್ಗೆ ಒಂದೇ ಕೈಯಲ್ಲಿ ಹಾಸಿಗೆಯ ಹೊದಿಕೆ ಸುಕ್ಕಿಲ್ಲದೆ ಬದಲಾಯಿಸಿದ್ದರು. 'ಏನೂ ಬರಲ್ಲ' ಎಂದಿದ್ದ ಪೇಂಟರ್ ಮಗಳ ಜಡೆಯನ್ನು ಐದು ಎಳೆಯಲ್ಲಿ ಹೆಣೆದಿದ್ದ. ಸಂಜೆಗೆ ನನ್ನ ಎರಡು ಸಾಲನ್ನೂ ಅಳಿಸಿ, ಪುಟದಲ್ಲಿ ಅತ್ತೆಯ ಪ್ರಶ್ನೆಯನ್ನಷ್ಟೇ ಉಳಿಸಿದೆ: ಬೆಳಗ್ಗಿಂದ ಏನು ಮಾಡಿದಿರಿ?

ಆದರೆ ನಲವತ್ತಮೂರನೆಯ ಹೆಸರು ಯಾವ ಸಾಲಿನಲ್ಲೂ ಇರಲಿಲ್ಲ. ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬರೇ ಇರುವ ಗಡಿಯಾರದ ತಾತ. ಐವತ್ತು ವರ್ಷದಿಂದ ಗಡಿಯಾರ ರಿಪೇರಿ. ಅವರು ಬರೆದದ್ದು ಇಷ್ಟೇ: 'ಕಲಿಸುವುದೂ ಇಲ್ಲ, ಕಲಿಯುವುದೂ ಇಲ್ಲ.'

"ತೆಗೆದುಬಿಡ್ಲಾ ಅತ್ತೆ?"

"ಏನೂ ಬೇಡ ಅನ್ನೋರು ಹೆಸರು ಯಾಕೆ ಬರೀತಾರೆ? ದೀಪ ಮಿಣುಕಿದೆ ಕಣೆ."

ತಾತನ ಮನೆಯಲ್ಲಿ ಗಂಟೆ ಹೊಡೆಯುವ ಗಡಿಯಾರ ಆರಿದ್ದವು. ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮಧ್ಯಾಹ್ನ ನಾಲ್ಕಾದರೆ ಒಂದು ಮುಗಿಸುವಷ್ಟರಲ್ಲಿ ಇನ್ನೊಂದು ಶುರು. ನಮ್ಮ ಬೀದಿಯಲ್ಲಿ ನಾಲ್ಕು ಗಂಟೆ ಅನ್ನುವುದು ಐದು ನಿಮಿಷ ನಡೆಯುತ್ತಿತ್ತು. ಅಷ್ಟು ಹೊತ್ತೂ ನಾವು ಕಾಲದಿಂದ ರಜೆ ತೆಗೆದುಕೊಂಡವರಂತೆ ಟೀ ಲೋಟ ಹಿಡಿದು ನಿಲ್ಲುತ್ತಿದ್ದೆವು. ಆ ಸದ್ದು ಯಾವಾಗ ತೆಳ್ಳಗಾಯಿತೋ ಯಾರೂ ಗಮನಿಸಿರಲಿಲ್ಲ.

ಅತ್ತೆ ಫೋನ್ ಮಾಡಿದಳು. ತಾತ ಎತ್ತಿಕೊಂಡರು. ಮಾತಾಡಲಿಲ್ಲ. ಅತ್ತೆಯೂ ಆಡಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕಡೆ ಇಟ್ಟರು.

"ನಾಲ್ಕು" ಎಂದಳು ಅತ್ತೆ.

"ಏನು ನಾಲ್ಕು?"

"ಟಿಕ್ ಟಿಕ್. ನಾಲ್ಕೇ ಓಡ್ತಿವೆ. ಕೀಲಿ ಕೊಡೋದು ಬಿಟ್ಟಿದ್ದಾರೆ."

ಮಾರನೆಯ ದಿನ ಎರಡು. ಅದರ ಮಾರನೆಯ ದಿನ ಕಿವಿಗೆ ರಿಸೀವರ್ ಒತ್ತಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಕೂತಿದ್ದಳು. "ಒಂದು" ಎಂದಳು. ಅವತ್ತು ಟೀ ಕುಡಿಯಲಿಲ್ಲ. ಅದೂ ನಿಂತರೆ ಆ ಮನೆಯಲ್ಲಿ ಉಸಿರಾಡುವವರು ಯಾರೂ ಇರುವುದಿಲ್ಲವೇನೋ ಎಂದು ನನಗೂ ಅನ್ನಿಸಿತು. ಬೀದಿ ತುದಿಯ ಅಂಗಡಿಯ ಹುಡುಗಿ ಬಾಗಿಲಿಗೆ ಇಟ್ಟುಬಂದ ಬ್ರೆಡ್ಡನ್ನು ತಾತ ಒಳಗೆ ತೆಗೆದುಕೊಂಡಿರಲಿಲ್ಲವಂತೆ.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಸ್ಟೂಲ್ ಹತ್ತಿ, ನಡುಮನೆಯ ಲೋಲಕದ ಗೋಡೆ ಗಡಿಯಾರವನ್ನು ಒಂದು ಬದಿಗೆ ವಾಲಿಸಿಬಿಟ್ಟಳು. ಅದು ಕುಂಟತೊಡಗಿತು: ಟಿಕ್‌ಟಕ್... ಟಿಕ್‌ಟಕ್...

"ಅಯ್ಯೋ ಅತ್ತೆ, ಹಾಳಾಗುತ್ತೆ!"

"ಕುಂಟೋ ಗಡಿಯಾರ ಕೇಳಿ ಸುಮ್ನಿರೋ ರಿಪೇರಿಯವ್ನು ಇನ್ನೂ ಹುಟ್ಟಿಲ್ಲ. ಫೋನ್ ತಾ."

ತಾತ ಎತ್ತಿಕೊಂಡರು. ಅತ್ತೆ ಒಂದಕ್ಷರ ಆಡದೆ ರಿಸೀವರನ್ನು ಗಡಿಯಾರದ ಹೊಟ್ಟೆಗೆ ಹಿಡಿದಳು. ಒಂದು ನಿಮಿಷ. ಎರಡು ನಿಮಿಷ. ಅತ್ತೆ ಕೈ ಬದಲಾಯಿಸಿದಳು. ನಾನು ಇನ್ನೊಂದು ಸೆಟ್ಟನ್ನು ಕಿವಿಗೆ ಒತ್ತಿಕೊಂಡಿದ್ದೆ.

"ಓರೆ" ಎಂದಿತು ಒಂದು ತುಕ್ಕು ಹಿಡಿದ ದನಿ.

ಅತ್ತೆ ರಿಸೀವರ್ ಕಿವಿಗಿಟ್ಟುಕೊಂಡಳು. "ಏನಂದ್ರಿ ಯಜಮಾನ್ರೇ?"

"ಓರೆ ಇದೆ ಕಣಮ್ಮಾ! ಯಾವ ಪುಣ್ಯಾತ್ಮ ನೇತು ಹಾಕಿದ್ದು? ಕೆಳಗಿನ ತುದಿ ಎಡಕ್ಕೆ ಒಂಚೂರು ಸರಿಸು."

ಅತ್ತೆ ಬೇಕೆಂದೇ ಬಲಕ್ಕೆ ಸರಿಸಿದಳು.

"ಎಡಕ್ಕೆ ಅಂದೆ! ಕಿವಿ ಇದ್ಯೋ ಇಲ್ವೋ ನಿಂಗೆ?"

ಮೂವತ್ತೊಂದು ವರ್ಷ ಕಿವಿಯಿಂದಲೇ ಬದುಕಿದವಳ ಮುಖ ನೀವು ನೋಡಬೇಕಿತ್ತು. ನಗು ತಡೆಯಲು ಸೆರಗು ಕಚ್ಚಿಕೊಂಡಳು. ಎಡಕ್ಕೆ ಸರಿಸಿದಳು. ಇನ್ನೊಂದು ಕೂದಲೆಳೆ. ಟಿಕ್... ಟಕ್... ಟಿಕ್... ಟಕ್... ಎರಡು ಹೆಜ್ಜೆಯ ನಡುವಿನ ದೂರ ಸಮವಾಯಿತು.

"ಹಾಂ" ಎಂದರು ತಾತ. ಮೊದಲ ತುತ್ತು ಗಂಟಲಿಗೆ ಇಳಿದ ಹಾಗಿತ್ತು ಆ "ಹಾಂ".

"ನಿಮ್ಮನೇಲಿ ಒಂದೇ ಓಡ್ತಿದೆ" ಎಂದಳು ಅತ್ತೆ.

"ಯಾರೂ ಎಲ್ಲಿಗೂ ಹೋಗೋ ಹಾಗಿಲ್ಲ. ಗಂಟೆ ಯಾರಿಗೆ ಬೇಕು?"

"ನಂಗೆ ಬೇಕು. ನಾಲ್ಕು ಹೊಡೀದೆ ಟೀ ಇಳಿಯಲ್ಲ. ಪಕ್ಕದ ಮನೆ ಕಂಡಕ್ಟರ್‌ಗೂ ಬೇಕು. ಅವ್ರಪ್ಪನ ಗಡಿಯಾರ ನಿಂತಿದೆ. ಅವ್ರೇ ಕೈ ಹಾಕ್ತಾ ಇದ್ದಾರೆ."

"ಕಂಡಕ್ಟರ್ ಕೈ ಹಾಕ್ತಾನಾ? ಮುಟ್ಬೇಡ ಅನ್ನಮ್ಮಾ!"

"ನೀವೇ ಹೇಳಿ. ಮೂರೂವರೆಗೆ ಲೈನ್ ಕೊಡ್ತೀನಿ."

ಮೂರೂವರೆಗೆ ನನ್ನ ಪುಟದಲ್ಲಿ ಇಬ್ಬರನ್ನೂ ಒಂದೇ ಕರೆಗೆ ಸೇರಿಸಿದೆ. ಚಿತ್ರ ಬೇಡ, ದನಿ ಸಾಕು ಎಂದು ಅತ್ತೆಯ ಅಪ್ಪಣೆ.

"ತಾತಾ, ರೈಟ್!" ಎಂದರು ಕಂಡಕ್ಟರ್.

"ರೈಟ್ ಆಮೇಲೆ. ಮೊದಲು ಮೇಜಿನ ಮೇಲೆ ಬಿಳೀ ಬಟ್ಟೆ ಹಾಸು" ಎಂದರು ತಾತ.

ಅತ್ತೆ ಟಪ್ಪನೆ ನಮ್ಮ ಕಡೆಯ ಕರೆ ಕತ್ತರಿಸಿದಳು.

"ಅತ್ತೇ! ಇನ್ನೊಂದು ನಿಮಿಷ ಇದ್ದಿದ್ರೆ ತಾತನ ಗಡಿಯಾರ ಎಷ್ಟು ಓಡ್ತಿವೆ ಅಂತ ಎಣಿಸಬಹುದಿತ್ತು!"

"ಎರಡನೇ ಮಾತು ಅವ್ರದು."

ಹಾಗಾಗಿ ಗೊತ್ತಾಗುವ ದಾರಿ ಒಂದೇ ಉಳಿಯಿತು. ಟೀ ಮಾಡಿಕೊಂಡು ಕಿಟಕಿಗೆ ಬಂದು ನಿಂತೆವು. ಬಿಸಿಲು ಎದುರು ಗೋಡೆಯ ಮೇಲೆ ಜೇನಿನ ಹಾಗೆ ನಿಧಾನ ಇಳಿಯುತ್ತಿತ್ತು. ನಮ್ಮ ನಡುಮನೆಯ ಗಡಿಯಾರ ನಾಲ್ಕು ಹೊಡೆಯಿತು. ಬೀದಿ ಸುಮ್ಮನಿತ್ತು. ಅತ್ತೆ ಲೋಟ ತುಟಿಗೆ ತಾಗಿಸಲಿಲ್ಲ.

ಮೂರನೇ ಮಹಡಿಯ ಕಿಟಕಿ ತೆರೆಯಿತು. ಒಳಗಿಂದ ಒಂದು ಗಡಿಯಾರ, ಗಂಟಲು ಸರಿಮಾಡಿಕೊಂಡ ಹಾಗೆ, ನಾಲ್ಕು ಹೊಡೆಯಿತು. ಅದು ಮುಗಿಯುವ ಮೊದಲೇ ಇನ್ನೊಂದು. ಮತ್ತೊಂದು. ಕಿಟಕಿಗಳಲ್ಲಿ ತಲೆಗಳು ಮೂಡಿದವು, ಈ ಸಲ ಒಳಗೆ ಸರಿಯಲಿಲ್ಲ. ಐದನೆಯ ಗಡಿಯಾರದ ನಂತರ ಸದ್ದು ನಿಂತಿತು.

"ಇನ್ನೊಂದು?" ಎಂದೆ.

ಅತ್ತೆ ಕಣ್ಣು ಮುಚ್ಚಿಯೇ ಇದ್ದಳು. "ತಾಳು. ಅದು ಮೊದಲಿಂದ್ಲೂ ಸೋಮಾರಿ."

ಟೀ ಮೇಲೆ ಕೆನೆ ಕಟ್ಟಿತು. ಆಮೇಲೆ, ಯಾವ ಅವಸರವೂ ಇಲ್ಲದೆ, ಆರನೆಯದು ಹೊಡೆಯಿತು.