ಮಾಸ್ತರರನ್ನು ಕಂಡು ಸೈಕಲ್ ಇಳಿದದ್ದು

ಬ್ಯಾಟರಿ ಸೈಕಲ್ಲುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಸೈಕಲ್ ಎಂದ ಮೇಲೆ ತುಳಿಯಬೇಕು. ತುಳಿಯಲು ಬೇಸರವಾದರೆ ಮೋಟರ್ ಸೈಕಲ್ ಕೊಂಡು, ಸಪ್ಪಳ ಮಾಡುತ್ತ ಹೋಗಬೇಕು. ಎರಡೂ ಅಲ್ಲದೆ ಬೆಕ್ಕಿನ ಹಾಗೆ ಬೆನ್ನ ಹಿಂದೆ ಬಂದು ನಿಲ್ಲುವ ಈ ಜಾತಿ ನನಗೆ ಸೇರುತ್ತಿರಲಿಲ್ಲ. ನನ್ನ ಸೈಕಲ್ಲನ್ನು ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿದ ವರ್ಷ ಕೊಂಡದ್ದು. ನಿವೃತ್ತಿಯ ದಿನ ಹಾಕಿದ ಹಾರವನ್ನು ಅದರ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತು, "ನಿವೃತ್ತಿ ಯಾರಿಗಾತ್ರಿ, ನಿಮಗೋ ಸೈಕಲ್ಲಿಗೋ?" ಎಂದು ಕೇಳಿದ್ದಳು. ಇಬ್ಬರಿಗೂ ಆಗಿರಲಿಲ್ಲ. ಮರುದಿನ ಬೆಳಿಗ್ಗೆಯೇ ಇಬ್ಬರೂ ಹೊರಬಿದ್ದೆವು.

ನಮ್ಮ ಮನೆ ಉಣಕಲ್ಲಿನಲ್ಲಿ. ಕೆರೆಯ ಕಡೆಯಿಂದ ಊರೊಳಕ್ಕೆ ನಾಲಾ ದಂಡೆಗುಂಟ ಒಂದು ದಾರಿ ಇದೆ. ಕಾರು, ಬೈಕುಗಳನ್ನು ಅಲ್ಲಿ ಬಿಡುವುದಿಲ್ಲ. ನಡೆಯುವವರು ಮತ್ತು ಸೈಕಲ್ಲಿನವರು ಮಾತ್ರ. ಕೇಶ್ವಾಪುರದ ಕಡೆ ಹೋಗುವವರಿಗೆ ಅರ್ಧ ದೂರವಾದರೂ ಲಾರಿ, ಬಸ್ಸುಗಳ ದೊಡ್ಡ ರಸ್ತೆ ತಪ್ಪುತ್ತದೆ. ಮುಂಜಾನೆ ನಾಲ್ಕು ಜನ ಪರಿಚಯದವರು ಸಿಗುತ್ತಾರೆ, ಎರಡು ಮಾತು ಆಗುತ್ತವೆ, ಹಸಿವೆಯೂ ಆಗುತ್ತದೆ. ನಿವೃತ್ತನಾದವನಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು ಎಂದು ನಾನು ಕೇಳುತ್ತಿದ್ದೆ.

ಅದೇ ದಾರಿಯಲ್ಲಿ ದಿನಾಲು ನಮ್ಮ ಮಾಸ್ತರರೂ ಬರುತ್ತಾರೆ. ಧಾರವಾಡದ ಸಾಲೆಯಲ್ಲಿ ನಮಗೆ ಗಣಿತ ಕಲಿಸಿದವರು, ಈಗ ಅವರೂ ಉಣಕಲ್ಲಿನಲ್ಲೇ ಇದ್ದಾರೆ. ಎಂಬತ್ತು ದಾಟಿದ್ದಾರೆ, ಕೈಯಲ್ಲಿ ಬೆತ್ತ ಇದೆ, ಈಗ ಅದು ಊರಿಕೊಳ್ಳುವುದಕ್ಕೆ ಮಾತ್ರ. ಧಾರವಾಡದಲ್ಲಿ ನಾವು ಹುಡುಗರಿದ್ದಾಗ ಒಂದು ರೀತಿ ಇತ್ತು: ದಾರಿಯಲ್ಲಿ ಮಾಸ್ತರರು ಎದುರಾದರೆ ಸೈಕಲ್ ಇಳಿಯಬೇಕು. ಬ್ರೇಕು ಹಾಕಿ ಒಂದು ಕಾಲು ಊರಿ ನಿಂತರೆ ಸಾಲದು, ಎರಡೂ ಕಾಲು ನೆಲದ ಮೇಲೆ ಇರಬೇಕು. ಒಮ್ಮೆ ನಾನು ಸೀಟಿನ ಮೇಲೆ ಕೂತೇ ನಮಸ್ಕಾರ ಹೇಳಿ ಹೋದೆ. ಮರುದಿನ ಇಡೀ ವರ್ಗದ ಎದುರು ಅವರು, "ಇವತ್ತ ನಿಂತು ಪಾಠಾ ಕೇಳು, ನಿನ್ನೆ ನಿಂದ್ರಲಿಕ್ಕೆ ನಿನಗ ಪುರಸೊತ್ತು ಇದ್ದಿದ್ದಿಲ್ಲ" ಎಂದರು. ಅಂದಿನಿಂದ ಇಂದಿನವರೆಗೆ ಅವರನ್ನು ಕಂಡ ಕೂಡಲೇ ನನ್ನ ಬಲಗಾಲು ತಾನಾಗಿಯೇ ಹಿಂದಕ್ಕೆ ಏಳುತ್ತದೆ. ನನ್ನನ್ನು ಕೇಳುವುದೂ ಇಲ್ಲ.

ಆ ದಿನವೂ ಹಾಗೆಯೇ ಆಯಿತು. ನಾಲಾದ ಸಣ್ಣ ಸೇತುವೆಯ ಹತ್ತಿರ ದಾರಿ ಸಪೂರವಾಗುತ್ತದೆ. ಅತ್ತ ಕಡೆಯಿಂದ ಮಾಸ್ತರರು ಬಂದರು. ನಾನು ಬ್ರೇಕು ಒತ್ತಿ, ಬಲಗಾಲು ಹಿಂದಕ್ಕೆ ಎತ್ತಿ, ಒಂದೇ ಪೆಡಲಿನ ಮೇಲೆ ನಿಂತಿದ್ದೆ. ಹಿಂದಿನಿಂದ ಏನೋ ಬಂದು ಗುದ್ದಿತು. ಎಡಗೈ ಊರಿಕೊಂಡು ಬಿದ್ದೆ. ತಲೆ ಎತ್ತಿ ನೋಡಿದರೆ ನನ್ನ ಸುತ್ತ ಖಡಕ್ ರೊಟ್ಟಿಯ ಚೂರುಗಳು. ಅವುಗಳ ನಡುವೆ ಬ್ಯಾಟರಿ ಸೈಕಲ್ ಹಿಡಿದುಕೊಂಡು ನಿಂತ ಒಬ್ಬ ಹೆಣ್ಣುಮಗಳು. ನಲವತ್ತೈದರ ಸುಮಾರು ವಯಸ್ಸು. ಸೈಕಲ್ಲಿನ ಹಿಂದಿನ ಬುಟ್ಟಿ ಬರಿದಾಗಿತ್ತು. "ಅಯ್ಯ ಕಾಕಾ" ಎನ್ನುತ್ತ ಕೈ ಹಿಡಿದು ಎಬ್ಬಿಸಲು ಬಂದಳು. ನಾನು ಆಕೆಯ ಕೈ ಹಿಡಿಯಲಿಲ್ಲ, ಬೈದೆ. ಏನು ಬೈದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮಾಸ್ತರರೂ ಕೇಳಿಸಿಕೊಂಡರು.

ಮಣಿಕಟ್ಟಿನ ಎಲುಬು ಸೀಳಿತ್ತು. ಪ್ಲಾಸ್ಟರ್ ಹಾಕಿದರು.

ನಮ್ಮ ಮುಂಜಾನೆಯ ವಾಕಿಂಗ್ ಬಳಗಕ್ಕೆ ಸುದ್ದಿ ಮುಟ್ಟಿದ್ದೇ ತಡ, ಎಲ್ಲರ ಹೊಟ್ಟೆಯಲ್ಲಿದ್ದ ಸಿಟ್ಟು ಹೊರಗೆ ಬಂತು. ಬ್ಯಾಟರಿ ಸೈಕಲ್ಲುಗಳು ಈಚೆಗೆ ಹೆಚ್ಚಾಗಿದ್ದವು. ಕೆಲವನ್ನು ಕಂಪನಿಯಲ್ಲೇ ಹಾಗೆ ಮಾಡಿರುತ್ತಾರೆ, ಕೆಲವಕ್ಕೆ ಹಳೆಯ ಸೈಕಲ್ಲಿಗೇ ಮೋಟರು ಕೂಡಿಸಿರುತ್ತಾರೆ. ಒಂದಿಷ್ಟು ಜನ ಅದರ ಮೇಲೆ ಕೂತು ಬೈಕಿನಷ್ಟೇ ಜೋರಾಗಿ ಹೋಗುತ್ತಿದ್ದುದೂ ಖರೆ. ಈ ದಾರಿಯಲ್ಲಿ ಮೋಟರು ಕೂಡಿಸಿದ ಯಾವ ಸೈಕಲ್ಲನ್ನೂ ಬಿಡಬಾರದು ಎಂದು ಅರ್ಜಿ ಕೊಡುವುದೆಂದು ಠರಾಯಿಸಿದರು. ಅರ್ಜಿ ಬರೆಯುವವರು ಯಾರು? ಕೋರ್ಟಿನಲ್ಲಿ ಜೀವಮಾನವಿಡೀ ಬರೆದವನು ಇದ್ದನಲ್ಲ. ಪುಣ್ಯಕ್ಕೆ ಬಲಗೈ ನೆಟ್ಟಗಿತ್ತು.

ಅರ್ಜಿ ಛಲೋ ಆಯಿತು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. "ಅರ್ಜಿದಾರರು ತಮ್ಮ ಪಾಡಿಗೆ ತಾವು ಹೋಗುತ್ತಿರುವಾಗ, ಹಿಂಬದಿಯಿಂದ ಸಪ್ಪಳವಿಲ್ಲದೆ ಅತಿವೇಗದಿಂದ ಬಂದ ಮೋಟರು ಜೋಡಿತ ಸೈಕಲ್ ಡಿಕ್ಕಿ ಹೊಡೆದು" ಎಂದು ಶುರುವಾಗಿ ಎರಡು ಪುಟ ಹರಿದಿತ್ತು. ಹೆಂಡತಿಗೆ ಓದಿ ತೋರಿಸಿದೆ. ಆಕೆ ಹೆಸರುಬೇಳೆ ಆರಿಸುತ್ತ ಕೂತಿದ್ದಳು.

"ನೀವು ಇಳದದ್ದು ಎಲ್ಲೆ ಬರದೀರಿ?" ಎಂದಳು.

"ಅದೆಲ್ಲಾ ಯಾಕ ಬೇಕು? ಹಿಂದಿನಿಂದ ಬಂದವರದs ತಪ್ಪು ಅಂತ ಎಲ್ಲಾರಿಗೂ ಗೊತ್ತದ."

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಂಗಾತು ಇದು. ನಾ ಕಳ್ಳ ಅಂದೇ ಇಲ್ಲ."

ಇಳಿದದ್ದನ್ನು ಬರೆದರೆ ಮಾಸ್ತರರ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳಿಗೆ ಗೌರವದ ಅಂಗಿ ತೊಡಿಸುವುದನ್ನು ಕೋರ್ಟಿನಲ್ಲಿ ಬೇಕಾದಷ್ಟು ನೋಡಿದ್ದೆ. ಆದರೂ ಅಂಗಿ ನನಗೆ ಸರಿಯಾಗಿಯೇ ಹೊಂದಿತು.

ನಾಲ್ಕು ದಿನ ಬಿಟ್ಟು ಸಂಜೆ ಆ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ. ಬಾಗಿಲ ಹೊರಗೇ ನಿಂತು, "ಕೈ ಹ್ಯಾಂಗೈತ್ರಿ ಕಾಕಾ?" ಎಂದು ಕೇಳಿದಳು. ಹೆಂಡತಿ ಒಳಗೆ ಕರೆದು ಕೂಡಿಸಿ ಚಹಾ ಕೊಟ್ಟಳು.

"ನಂದs ತಪ್ಪರಿ. ಬೆಲ್ ಹೊಡೀಬೇಕಿತ್ತು. ರೊಟ್ಟಿ ಮುರೀತಾವಂತ ನಾನೂ ಸಾವಕಾಶನ ಬರ್ತಿದ್ದೆ, ನೀವು ಗಕ್ಕನ ನಿಂತ್ರಿ, ನನಗ ತಿಳೀಲಿಲ್ಲ" ಎಂದಳು.

ಆಕೆ ಸಾವಕಾಶ ಬರುತ್ತಿದ್ದಳು. ನಾನು ಅತಿವೇಗ ಎಂದು ಬರೆದಿದ್ದೆ. ವೇಗವನ್ನು ನಾನು ನೋಡಿದ್ದು ಯಾವಾಗ, ಬೆನ್ನಿನಿಂದಲೇ?

ಮಾತು ಮಾತಿಗೆ ಎಲ್ಲ ತಿಳಿಯಿತು. ನಮ್ಮ ಉಣಕಲ್ಲಿನವಳೇ, ಹಳೇ ಊರಿನ ಓಣಿಯವಳು. ರೊಟ್ಟಿ ಬಡಿದು ಕೇಶ್ವಾಪುರದ ಮನೆಗಳಿಗೂ ಒಂದು ಖಾನಾವಳಿಗೂ ಮುಟ್ಟಿಸುತ್ತಾಳೆ. ಒಲೆಯ ಮುಂದೆ ಕೂತು ಕೂತು ಮೊಣಕಾಲು ಹಿಡಿದುಕೊಂಡಿದ್ದವು, ತುಳಿಯಲು ಆಗುತ್ತಿರಲಿಲ್ಲ. ಆಕೆಯ ತಮ್ಮ, ದುರ್ಗದಬೈಲಿನ ಕಡೆಯ ಒಂದು ಅಂಗಡಿಗೆ ಒಯ್ದು ಹಳೆಯ ಸೈಕಲ್ಲಿಗೇ ಮೋಟರು ಹಾಕಿಸಿಕೊಟ್ಟಿದ್ದ. ಅದು ಬಂದ ಮೇಲೆ ಹೊತ್ತಿಗೆ ಸರಿಯಾಗಿ ರೊಟ್ಟಿ ಮುಟ್ಟುತ್ತಿದ್ದವು.

"ಆ ದಾರಿ ನಮಗ ಬಂದ್ ಮಾಡ್ತಾರಂತ್ರಿ, ಖರೇ ಏನ್ರಿ?" ಎಂದು ಕೇಳಿದಳು. "ದೊಡ್ಡ ರಸ್ತೇದಾಗ ನನಗ ಅಂಜಿಕಿ ಬರ್ತೈತ್ರಿ. ಬಾಜೂಕ ಲಾರಿ ಬಂತಂದ್ರ ಹ್ಯಾಂಡಲ್ ನಡಗತೈತಿ. ಬಂದ್ ಆತಂದ್ರ ನಾ ರೊಟ್ಟಿ ಕೊಡೂದು ಬಿಟ್ಟಂಗs. ನೀವು ಕೋರ್ಟಿನ್ಯಾಗ ಇದ್ದೋರಂತ. ಆ ಅರ್ಜಿ ಯಾರು ಬರದಾರೋ ಅವರಿಗೆ ಒಂದು ಮಾತು ಹೇಳ್ರಿ ಕಾಕಾ."

ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಾನು, "ಹೇಳೋಣಂತ" ಎಂದೆ. ಆಕೆ ಹೋದ ಮೇಲೆ ಊಟಕ್ಕೆ ಕೂತೆವು. ಆ ರೊಟ್ಟಿಯ ರುಚಿಯನ್ನು ಏನು ಹೇಳಲಿ, ನಾಚಿಕೆಯಲ್ಲೇ ತಿಂದರೂ ಎರಡನೆಯದನ್ನು ಕೇಳಿ ಹಾಕಿಸಿಕೊಂಡೆ. ಹೆಂಡತಿ ಹಾಕುತ್ತ, "ಅರ್ಜಿ ಬರದವರು ಭೆಟ್ಟಿ ಆದ್ರ ಹೇಳ್ರಿ ಮತ್ತ, ಮರೀಬ್ಯಾಡ್ರಿ" ಎಂದಳು.

ರವಿವಾರ ಸಂಜೆ ಸಮುದಾಯ ಭವನದಲ್ಲಿ ಸಭೆ. ನಮ್ಮ ವಾರ್ಡಿನ ಸದಸ್ಯರು, ಸಂಚಾರ ಪೊಲೀಸ್ ಸಾಹೇಬರೊಬ್ಬರು, ನಮ್ಮ ಬಳಗ. ಮುಂದಿನ ಸಾಲಿನಲ್ಲಿ ಮಾಸ್ತರರು. ಕೊನೆಯ ಸಾಲಿನಲ್ಲಿ ಆಕೆ, ಸೆರಗು ಹೊದ್ದು ಕೂತಿದ್ದಳು. ಪೊಲೀಸ್ ಸಾಹೇಬರು ಮೊದಲು ಕಾನೂನು ಬಿಡಿಸಿ ಹೇಳಿದರು. ಕಡಿಮೆ ಶಕ್ತಿಯ, ನಿಧಾನ ಓಡುವ ಬ್ಯಾಟರಿ ಸೈಕಲ್ಲಿಗೆ ನಂಬರ್ ಪ್ಲೇಟೂ ಬೇಡ, ಲೈಸೆನ್ಸೂ ಬೇಡ. ಮೋಟರು ಬದಲಿಸಿ ಜೋರು ಓಡುವಂತೆ ಮಾಡಿಸಿಕೊಂಡರೆ ಅದು ಕಾನೂನಿನ ಕಣ್ಣಿಗೆ ಮೋಟರ್ ಸೈಕಲ್ಲೇ. ಆದರೆ ಈ ದಾರಿಯಲ್ಲಿ ಯಾವುದನ್ನು ಬಿಡಬೇಕು ಎಂಬುದು ನೀವು ಎಲ್ಲರೂ ಕೂಡಿ ಹೇಳುವ ಮಾತು ಎಂದರು.

ಬಳಗದ ಒಬ್ಬರು ಅರ್ಜಿ ಓದಿದರು. "ತಮ್ಮ ಪಾಡಿಗೆ ತಾವು ಹೋಗುತ್ತಿರುವಾಗ" ಎಂಬಲ್ಲಿ ಅವರು ಒಂದು ಉಸಿರು ತೆಗೆದುಕೊಂಡರು. ಎಷ್ಟೋ ಸಾವಿರ ಜನ ನನ್ನೆದುರಿನ ಕಟಕಟೆಯಲ್ಲಿ ನಿಂತು, ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿ ಸುಳ್ಳು ಹೇಳಿದ್ದರು. ಅವರನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತ ನಾನು ಬರೆದುಕೊಂಡಿದ್ದೆ. ನಾನು ಪ್ರಮಾಣವನ್ನೂ ಮಾಡಿರಲಿಲ್ಲ, ನೇರವಾಗಿ ಸುಳ್ಳಿಗೇ ಕೈ ಹಾಕಿದ್ದೆ. ಓದುವುದು ಮುಗಿದ ಮೇಲೆ, ವಾರ್ಡಿನ ಸದಸ್ಯರು, ಪೆಟ್ಟು ತಿಂದವರು ಎರಡು ಮಾತು ಹೇಳಲಿ ಎಂದರು. ಪ್ಲಾಸ್ಟರಿನ ಕೈ ಹಿಡಿದುಕೊಂಡು ಎದ್ದು ನಿಂತೆ.

"ಆ ಅರ್ಜಿ ಬರದಾಂವ ನಾನು" ಎಂದೆ. ಇದನ್ನು ಕೊನೆಯ ಸಾಲಿಗೆ ಕೇಳುವಂತೆ ಹೇಳಿದೆ. "ಅದರಾಗ ಸುಳ್ಳದ. ನಾ ನನ್ನ ಪಾಡಿಗೆ ಹೊಂಟಿದ್ದಿಲ್ಲ. ಎದುರಿಗೆ ನಮ್ಮ ಮಾಸ್ತರರು ಬಂದ್ರು, ದಾರಿ ನಡುವ ಗಕ್ಕನ ಇಳಿದೆ. ಹಿಂದ ನೋಡಲಿಲ್ಲ, ಕೈ ತೋರಸಲಿಲ್ಲ. ಹಿಂದ ತುಳಿಯೋ ಸೈಕಲ್ಲಿದ್ರೂ ನಾ ಬೀಳತಿದ್ದೆ. ಜೋರು ಬಂದ್ರು ಅಂತ ಬರದೇನಿ, ಅದನ್ನೂ ನಾ ನೋಡಿಲ್ಲ."

ನಡುವಿನ ಸಾಲಿನಿಂದ ಒಬ್ಬರು, "ಹಂಗಾರ ಆ ದಾರ್ಯಾಗ ಮಾಸ್ತರರನ್ನ ಬಂದ್ ಮಾಡ್ರಿ" ಎಂದರು. ಭವನವೆಲ್ಲ ನಕ್ಕಿತು. ನಗು ಇಳಿಯುವುದನ್ನು ಕಾಯುತ್ತ ಮಾಸ್ತರರು ಬೆತ್ತ ಊರಿ ಎದ್ದರು. ನಾನು ನಿಂತೇ ಇದ್ದೆ, ಅವರು ಎದ್ದರೆಂದು ಉಳಿದ ಐದಾರು ಹಳೆಯ ವಿದ್ಯಾರ್ಥಿಗಳೂ ಎದ್ದರು. ಅವರು ನಮ್ಮನ್ನು ಕೂಡಲು ಹೇಳಿದರು.

"ನಿಮಗೆಲ್ಲಾ ಇಳೀಲಿಕ್ಕೆ ಕಲಿಸಿದಾಂವ ನಾನು. ಹಿಂದ ನೋಡಿ ಇಳೀರಿ ಅಂತ ಕಲಸಲಿಲ್ಲ. ಗಣಿತದ ಮಾಸ್ತರ, ಪ್ರಶ್ನಾದಾಗ ಎರಡನೇ ಸೈಕಲ್ ಬಿಟ್ಟುಬಿಟ್ಟೆ. ಅರ್ಧಾ ತಪ್ಪು ನನ್ನ ಲೆಕ್ಕಕ್ಕ ಹಾಕ್ರಿ, ಆ ತಾಯಿಗೆ ದಾರಿ ಬಿಡ್ರಿ" ಎಂದರು.

ಆ ಮೇಲೆ ವಾದ ನಡೆಯಿತು, ಚಹಾ ಬಂತು, ಮತ್ತೆ ವಾದ ನಡೆಯಿತು. ಕೊನೆಗೆ ನಿಂತದ್ದು ಇಷ್ಟು: ಜೋರು ಓಡುವಂತೆ ಮಾಡಿಸಿದವು ಈ ದಾರಿಗೆ ಬರುವಂತಿಲ್ಲ. ನಿಧಾನದ ಬ್ಯಾಟರಿ ಸೈಕಲ್ಲು ಬರಬಹುದು, ಬೆಲ್ ಇರಬೇಕು, ತುಳಿಯುವವರ ವೇಗವನ್ನು ಮೀರಬಾರದು. ಸೇತುವೆಯ ಸಪೂರ ಜಾಗದಲ್ಲಿ, ಮೋಟರು ಇರಲಿ ಬಿಡಲಿ, ಎಲ್ಲರೂ ಇಳಿದು ತಳ್ಳಿಕೊಂಡು ಹೋಗಬೇಕು. ನಿಲ್ಲುವ ಮುಂಚೆ ಕೈ ತೋರಿಸಬೇಕು ಎಂಬುದನ್ನು ಪೊಲೀಸ್ ಸಾಹೇಬರು ನನ್ನನ್ನೇ ನೋಡುತ್ತ ಸೇರಿಸಿದರು. ಬೋರ್ಡಿನ ಮೇಲೆ ಬರೆಸಬೇಕಾದ ಒಕ್ಕಣೆಯನ್ನು ಮತ್ತೆ ನನ್ನಿಂದಲೇ ಬರೆಸಿದರು. ಮನೆಗೆ ಹೋಗಿ ಹೆಂಡತಿಗೆ ತೋರಿಸಿದೆ. ಆಕೆ ಅರ್ಧ ಹೊಡೆದುಹಾಕಿ ನಾಲ್ಕು ಸಾಲು ಉಳಿಸಿದಳು. ಬೋರ್ಡಿನ ಮೇಲೆ ಈಗ ಆ ನಾಲ್ಕೇ ಸಾಲು ಇವೆ.

ಸಭೆಯಿಂದ ಹೊರಗೆ ಬಂದಾಗ ಆಕೆ ಚಪ್ಪಲಿ ಹುಡುಕುತ್ತಿದ್ದಳು. ನಾನೇ ಹೋಗಿ, "ತಪ್ಪಾತು ತಂಗಿ, ಅವತ್ತ ಬೈದದ್ದಕ್ಕೂ, ಬರದದ್ದಕ್ಕೂ" ಎಂದೆ. ಆಕೆ ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡಳು. ಸಿಟ್ಟು ಇತ್ತು, ಇರಬೇಕಾದದ್ದೇ. "ರೊಟ್ಟಿ ಹ್ಯಾಂಗಿದ್ದೂರಿ?" ಎಂದಷ್ಟೇ ಕೇಳಿ ಹೋದಳು. ಮರುವಾರದಿಂದ ನಮ್ಮ ಮನೆಗೂ ಆಕೆಯ ರೊಟ್ಟಿ ಬರುತ್ತಿವೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮತ್ತೆ ಸೈಕಲ್ ಹತ್ತಿದೆ. ಹೆಂಡತಿ ಒಂದು ಹೆಲ್ಮೆಟ್ ತಂದಿಟ್ಟಿದ್ದಳು. ಅದನ್ನು ಹಾಕಿಕೊಂಡರೆ ತಲೆಯ ಮೇಲೆ ಬೋಗುಣಿ ಕವಿಚಿದಂತಿರುತ್ತದೆ, ಆದರೂ ಹಾಕಿಕೊಳ್ಳುತ್ತೇನೆ. ಮಾಸ್ತರರು, "ಇನ್ನ ಇಳೀಬ್ಯಾಡೋ, ಕೂತs ನಮಸ್ಕಾರ ಮಾಡು, ನಡೀತದ" ಎಂದು ಹೇಳಿದರು. ಒಂದು ದಿನ ಹಾಗೇ ಮಾಡಿ ನೋಡಿದೆ. ಸ್ನಾನ ಮಾಡದೆ ಊಟಕ್ಕೆ ಕೂತ ಹಾಗೆ ದಿನವಿಡೀ ಕಸಿವಿಸಿಯಾಯಿತು.

ಮರುದಿನ ಅವರು ಸಿಕ್ಕದ್ದು ಕೆರೆಯ ಹತ್ತಿರ, ಸೇತುವೆಗಿಂತ ಎಷ್ಟೋ ಮುಂಚೆ, ದಾರಿ ಅಗಲವಿರುವಲ್ಲಿ. ಬಲಗಾಲು ಏಳಲು ಹೊರಟಿತ್ತು, ಅದನ್ನು ತಡೆದೆ. ಮೊದಲು ಕೈ ಚಾಚಿದೆ. ಬೆಲ್ ಬಾರಿಸಿದೆ. ಆಮೇಲೆ ಕತ್ತು ತಿರುಗಿಸಿ ಹಿಂದೆ ನೋಡಿದೆ. ನಾಲ್ಕು ಮಾರು ಹಿಂದೆ, ರೊಟ್ಟಿಯ ಬುಟ್ಟಿ ಕಟ್ಟಿದ ಸೈಕಲ್ಲನ್ನು ನಿಲ್ಲಿಸಿ, ನೋಯುವ ಮೊಣಕಾಲಿನಲ್ಲೇ ಆಕೆ ಆಗಲೇ ಇಳಿದು ನಿಂತಿದ್ದಳು.

"ಇಳೀರಿ ಕಾಕಾ" ಎಂದಳು. "ನಾ ಹಿಂದ ನಿಂತೇನಿ."