ಡ್ರಿಲ್ ಮೇಷ್ಟ್ರ ನಾಡಿ

ಕಳೆದ ತಿಂಗಳು ಮದ್ದೂರಿನಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಪಂದ್ಯದ ವರದಿಗೆ ಹೋಗಿದ್ದೆ. ಆಟಗಾರ್ತಿಯೊಬ್ಬಳು ಮೊಣಕಾಲು ಹಿಡಿದು ಕೂತಳು. ಯಾರೋ ಓಡಿಬಂದು ನೋವಿನ ಜಾಗಕ್ಕೆ ತಣ್ಣನೆಯ ಸ್ಪ್ರೇ ಹೊಡೆದರು. ಕರ್ಪೂರ, ಪುದೀನ, ಆಸ್ಪತ್ರೆ ಮೂರೂ ಬೆರೆತಂಥ ಆ ವಾಸನೆ ನನ್ನ ಕುರ್ಚಿಯವರೆಗೂ ಬಂತು. ಸ್ಕೋರು ಬರೆದುಕೊಳ್ಳುತ್ತಿದ್ದವನು ಒಂದು ಪಾಯಿಂಟು ತಪ್ಪಿಸಿಕೊಂಡೆ. ನಮ್ಮ ಡ್ರಿಲ್ ಮೇಷ್ಟ್ರು ನೆನಪಾಗಿದ್ದರು…

ನಾನು ಮಳವಳ್ಳಿಯಲ್ಲಿ ಹೈಸ್ಕೂಲು ಓದುವಾಗ ನಮಗೆ ಆಟ ಕಲಿಸಿದವರು ಅವರು. ನಿವೃತ್ತಿಯಾದ ಮೇಲೂ ಸಂಜೆ ಮೈದಾನಕ್ಕೆ ಬಂದು ಹೆಣ್ಣುಮಕ್ಕಳ ತಂಡಕ್ಕೆ ಕಬಡ್ಡಿ ಕಲಿಸುವುದನ್ನು ಬಿಡಲಿಲ್ಲ. ಪ್ರಾಯದಲ್ಲಿ ದೂರದ ಓಟ ಓಡಿ ಪಳಗಿದ ದೇಹ. ಸುಮ್ಮನೆ ಕೂತಾಗ ಅವರ ನಾಡಿ ನಿಮಿಷಕ್ಕೆ ಐವತ್ತನ್ನು ದಾಟುತ್ತಿರಲಿಲ್ಲ. ಅದು ಅವರಿಗೆ ದೊಡ್ಡ ಹೆಮ್ಮೆ. ಯಾರು ಸಿಕ್ಕರೂ ಕೈ ಮುಂದೆ ಚಾಚಿ, "ಇಡ್ಕಂಡು ನೋಡ್ಲಾ, ಎತ್ತಿನ ಗಾಡಿ ಓದಂಗೆ ಓಯ್ತದೆ" ಅನ್ನುತ್ತಿದ್ದರು.

ಆ ಹೆಮ್ಮೆಯಿಂದಲೇ ಒಂದು ಪದ್ಧತಿ ಹುಟ್ಟಿತ್ತು. ಪಂದ್ಯಕ್ಕೆ ಮುಂಚೆ ತಂಡವನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸುತ್ತಿದ್ದರು. ನಾಡಿ ಓಡುತ್ತಿದ್ದರೆ ಆಟಗಾರರಿಗೆ ಹೆದರಿಕೆಯಾಗಿದೆ ಎಂದು ಅವರ ತೀರ್ಮಾನ. ಅಂಥವರನ್ನು ಮೊದಲ ರೈಡಿಗೆ ಕಳಿಸುತ್ತಿರಲಿಲ್ಲ. ತೀರ ಜೋರಾಗಿದ್ದರೆ ಅಂಕಣದ ಸುಣ್ಣದ ಗೆರೆಯಿಂದ ಆಚೆಗೇ ಕೂರಿಸುತ್ತಿದ್ದರು. ಹಲಗೂರು ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ತಂಡದಲ್ಲೆಲ್ಲ ಚುರುಕು. ಆದರೆ ಅವಳ ನಾಡಿ ಯಾವಾಗಲೂ ಜೋರು. "ನಂಗೆ ಎದ್ರಿಕೆ ಇಲ್ಲ ಸಾ" ಎಂದು ಅವಳು ಎಷ್ಟು ಸಲ ಅಂದರೂ ಅವರದು ಒಂದೇ ಉತ್ತರ: "ಬಾಯಿ ಸುಳ್ಳು ಯೋಳ್ತದೆ ಕಣಮ್ಮಿ, ನಾಡಿ ಯೋಳಕಿಲ್ಲ. ಕೂತ್ಕೋ ಓಗು."

ಕೆಲವು ವರ್ಷಗಳ ಹಿಂದೆ ಮೇಷ್ಟ್ರ ನಾಡಿಯೇ ತಾಳ ತಪ್ಪಿತು. ಒಮ್ಮೆ ಓಡುವುದು, ಒಮ್ಮೆ ತಡೆದು ನಿಲ್ಲುವುದು. ಎದೆಯೊಳಗೆ ಮೀನು ಒದ್ದಾಡಿದ ಹಾಗೆ ಆಗುತ್ತದೆ ಎಂದರು. ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ನಡುಗುವ ಕಾಯಿಲೆ ಎಂದು ವೈದ್ಯರು ಹೇಳಿದರು. ಮಾತ್ರೆಗೆ ಅದು ಬಗ್ಗಲಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೊಡೆಯ ರಕ್ತನಾಳದ ಮೂಲಕ ಹೃದಯಕ್ಕೆ ತೆಳುವಾದ ಕೊಳವೆ ಕಳಿಸಿ, ಅದರ ತುದಿಯ ಪುಟ್ಟ ಬಲೂನನ್ನು ಕೊರೆಯುವಷ್ಟು ತಣ್ಣಗೆ ಮಾಡಿ, ತಪ್ಪು ಸಂಕೇತ ಹೊರಡುವ ಜಾಗವನ್ನು ಹೆಪ್ಪುಗಟ್ಟಿಸಿದರು. ತಂಡದ ಹುಡುಗಿಯರು ನೋಡಲು ಬಂದಾಗ ಅವರು ಇದನ್ನು ವಿವರಿಸಿದ್ದು ಹೀಗೆ: "ನಿಮ್ ಮಂಡಿಗೆ ಒಡೀತೀವಲ್ಲ ಸ್ಪ್ರೇ, ಅದ್ನೇ ನನ್ ಎದೆ ಒಳಕ್ಕೆ ಒಡ್ದವ್ರೆ ಕಣ್ರಮ್ಮಿ."

ತಾಳ ಸರಿಹೋಯಿತು. ಆದರೆ ಮನೆಯಲ್ಲಿ ಹಳೆಯ ಅಭ್ಯಾಸದಂತೆ ಮಣಿಕಟ್ಟು ಹಿಡಿದು ಎಣಿಸಿದಾಗ ನಾಡಿ ಎಂಬತ್ತರ ಹತ್ತಿರ ಇತ್ತು. ಮರುದಿನವೂ ಅಷ್ಟೇ. ವಾರಗಳು ಕಳೆದರೂ ಇಳಿಯಲಿಲ್ಲ. ಚಿಕಿತ್ಸೆ ಕೆಟ್ಟಿತೆಂದು ಅವರು ತಿಳಿದರು. ಅದಕ್ಕಿಂತ ಹೆಚ್ಚಾಗಿ, ತಮ್ಮದೇ ನಿಯಮದ ಪ್ರಕಾರ ಈಗ ತಾವೇ ಹೆದರಿದವರು, ಆಟಕ್ಕೆ ಇಳಿಯಬಾರದವರು. ಓಡಾಡಬಹುದು ಎಂದು ವೈದ್ಯರು ಹೇಳಿದ ಮೇಲೂ, ಮೈದಾನಕ್ಕೆ ಬಂದ ಮೇಷ್ಟ್ರು ಸುಣ್ಣದ ಗೆರೆ ದಾಟಲಿಲ್ಲ. ಆಚೆ ಒಂದು ಕಲ್ಲಿನ ಮೇಲೆ ಕೂತು ನೋಡಿದರು. ಮದ್ದೂರಿನವರ ಜೊತೆಗಿನ ಪಂದ್ಯ ಹತ್ತಿರ ಬರುತ್ತಿತ್ತು. "ಈ ಸಲ ಬೇರೆ ಯಾರ್ನಾರ ನೋಡ್ಕಳಿ" ಎಂದುಬಿಟ್ಟರು.

ಅವರ ಹೆಂಡತಿ ಮಂಡ್ಯಕ್ಕೆ, ನನ್ನ ಕಚೇರಿಗೆ ಫೋನು ಮಾಡಿದರು. "ಇವ್ರು ಆ ಕೈ ಬುಡ್ತಾನೇ ಇಲ್ಲ ಕಣಪ್ಪ. ಉಣ್ಣಕ್ ಕುಂತ್ರೂ ನಾಡಿ, ಟಿವಿ ಮುಂದೆ ಕುಂತ್ರೂ ನಾಡಿ. ಮದ್ವೆ ಆದಾಗ್ನಿಂದ ನನ್ ಕೈನೂ ಇಷ್ಟೊತ್ತು ಇಡ್ಕಂಡಿರ್ನಿಲ್ಲ. ನೀನೇ ಕರ್ಕಂಡೋಗಿ ಡಾಕ್ಟ್ರಿಗೆ ತೋರ್ಸು."

ಕರೆದುಕೊಂಡು ಹೋದೆ. ಬೆಂಗಳೂರಿನಲ್ಲಿ ಚಿಕಿತ್ಸೆ ಮಾಡಿದ್ದ ವೈದ್ಯೆ ಇಸಿಜಿ ತೆಗೆಸಿದರು, ಮೇಷ್ಟ್ರು ಮುಂಚೆಯೇ ಒಂದು ಇಡೀ ದಿನ ಎದೆಗೆ ಅಂಟಿಸಿಕೊಂಡಿದ್ದ ಯಂತ್ರದ ದಾಖಲೆಯನ್ನೂ ನೋಡಿದರು. "ತಾಳ ಸರಿಯಾಗಿದೆ ಸಾರ್, ವೇಗ ಮಾತ್ರ ಏರಿದೆ" ಎಂದರು. "ನಾವು ಹೆಪ್ಪುಗಟ್ಟಿಸಿದ ಜಾಗದ ಪಕ್ಕದಲ್ಲೇ ಹೃದಯವನ್ನ ನಿಧಾನ ಮಾಡೋ ನರಗಳೂ ಇವೆ. ಅವಕ್ಕೂ ಥಂಡಿ ತಾಗುತ್ತೆ. ಎಷ್ಟೋ ಜನರಿಗೆ ಹೀಗಾಗುತ್ತೆ. ಕೆಲವರಿಗೆ ಬರ್ತಾ ಬರ್ತಾ ಇಳಿಯುತ್ತೆ, ಕೆಲವರಿಗೆ ಹೀಗೇ ಉಳಿಯುತ್ತೆ. ನಿಮಗೆ ಇದರಿಂದ ತೊಂದರೆ ಏನೂ ಕಾಣ್ತಿಲ್ಲ."

ಮೇಷ್ಟ್ರು ಚಿಕಿತ್ಸೆಯ ಬಗ್ಗೆ ಇನ್ನೇನಾದರೂ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ: "ಅಂದ್ರೆ… ಎದ್ರಿಕೆ ಇಲ್ದೆನೂ ನಾಡಿ ಓಡ್ಬೋದಾ?"

"ಓಡಬಹುದು ಸಾರ್. ಕೆಲವರ ನಾಡಿ ಸ್ವಭಾವದಲ್ಲೇ ಜೋರು."

ಕಾರಿನಲ್ಲಿ ವಾಪಸು ಬರುವಾಗ ಮದ್ದೂರಿನಲ್ಲಿ ಟೀ ಕುಡಿಯಲು ನಿಂತಾಗ ಲೋಟ ಕೈಯಲ್ಲೇ ಇಟ್ಟುಕೊಂಡು, "ಆ ಅಲಗೂರು ಉಡ್ಗೀನ ಎಷ್ಟ್ ಸಲ ಕೂರ್ಸಿದೀನ್ಲಾ ನಾನು?" ಅಂದರು. ಟೀ ಆರಿಹೋಯಿತು.

ಮರುದಿನ ಸಂಜೆ ಅವರು ಗೆರೆ ದಾಟಿ ಅಂಕಣದ ನಡುವೆ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಆ ಹುಡುಗಿಯನ್ನು ಕರೆದರು. ಅವಳು ರೂಢಿಯಂತೆ ಕೈ ಚಾಚಿದಳು. ಅವರು ಅದನ್ನು ಹಿಡಿಯದೆ ತಮ್ಮ ಕೈಯನ್ನೇ ಅವಳ ಮುಂದೆ ಚಾಚಿದರು.

"ಎಂಗದೆ, ನೋಡಿ ಯೋಳು."

"ಜೋರಾಗದೆ ಸಾ."

"ನಾನ್ ಎದ್ರಿದೀನಾ?"

ಹುಡುಗಿ ಅವರ ಮುಖ ನೋಡಿದಳು. "ನಮ್ಗಂತೂ ಅಲ್ಲ ಸಾ. ಮನೇಲಿ ಅಮ್ಮಾವ್ರಿಗೆ ಎದ್ರಿದ್ರೂ ಎದ್ರಿರ್ಬೋದು."

ತಂಡವೆಲ್ಲ ಹೋ ಎಂದು ನಕ್ಕಿತು. ಅವರೂ ನಕ್ಕರು. ನಗು ಇಳಿದ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ನಾನ್ ಇಷ್ಟ್ ವರ್ಸ ಯೋಳ್ಕೊಟ್ಟಿದ್ದು ತಪ್ಪು ಕಣ್ರಮ್ಮಿ. ಇವ್ಳನ್ನ ಕೂರ್ಸಿದ್ದೂ ತಪ್ಪು. ಇನ್ಮ್ಯಾಲೆ ಮೊದ್ಲ ರೈಡು ಇವ್ಳ್ದೇ."

ನನ್ನ ಕಸುಬಿನಲ್ಲಿ ಇಂಥ ಮಾತು ಕೇಳಿದ್ದು ಕಡಿಮೆ. ಪತ್ರಿಕೆಯಲ್ಲಿ ತಿದ್ದುಪಡಿ ಹಾಕಬೇಕಾಗಿ ಬಂದಾಗ ನಾವೂ ಒಳಪುಟದ ಮೂಲೆ ಹುಡುಕುತ್ತೇವೆ. ಮೊಮ್ಮಕ್ಕಳ ವಯಸ್ಸಿನವರ ಎದುರು, ಮೈದಾನದ ನಡುವೆ ನಿಂತು, ದನಿ ತಗ್ಗಿಸದೆ ಅವರು ಅದನ್ನು ಹೇಳಿದರು. ನಾನು ಇವರ ಕೈಕೆಳಗೆ ಕಲಿತವನು ಎಂದು ಪಕ್ಕದಲ್ಲಿ ನಿಂತಿದ್ದ ಅಪರಿಚಿತರಿಗೂ ಹೇಳಬೇಕೆನಿಸಿತು. ಹೇಳಿಯೂಬಿಟ್ಟೆ.

ಮದ್ದೂರಿನವರ ಜೊತೆಗಿನ ಪಂದ್ಯದಲ್ಲಿ ಮೊದಲ ರೈಡಿಗೆ ಹೋದ ಹುಡುಗಿ ಸಿಕ್ಕಿಬಿದ್ದು ಔಟಾದಳು. ನಮ್ಮ ಕಡೆಯವರಲ್ಲೇ ಗೊಣಗಾಟ ಶುರುವಾಯಿತು. ಅವಳು ಮತ್ತೆ ಒಳಕ್ಕೆ ಬಂದ ಕೂಡಲೇ ಮೇಷ್ಟ್ರು, "ನೀನೇ ಓಗಮ್ಮಿ" ಎಂದು ಅವಳನ್ನೇ ಕಳಿಸಿದರು. ಈ ಸಲ ಇಬ್ಬರನ್ನು ಮುಟ್ಟಿ, ನಡುಗೆರೆಗೆ ಹಾರಿ ಬಿದ್ದಳು. ಪಂದ್ಯವನ್ನು ನಮ್ಮವರು ಸ್ವಲ್ಪದರಲ್ಲಿ ಸೋತರು. ವ್ಯಾನಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅವಳಿಗೆ ಮೇಷ್ಟ್ರ ಬೈಗುಳ: "ಎಡಗಾಲು ಯಾಕ್ ಇಂದಕ್ ಬುಟ್ಟೆ? ಯಾರಪ್ಪಂಗೆ ಅಂತ ಬುಟ್ಟೆ?" ಹುಡುಗಿಯ ಮುಖ ಅರಳಿತ್ತು. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವರು ಅವಳ ಆಟಕ್ಕೆ ಬೈದಿದ್ದರು.

ಆಮೇಲೂ ಅವರು ಆ ತಂಡವನ್ನು ಬಿಡಲಿಲ್ಲ. ಕಳೆದ ವರ್ಷ ಬೇರೆಯದೇ ಕಾಯಿಲೆಯಲ್ಲಿ ಹೋದರು. ಮಣ್ಣು ಮಾಡಿ ಬಂದ ದಿನ ಅವರ ಹೆಂಡತಿ ಜಗಲಿಯಲ್ಲಿ ಕೂತು, "ಕೊನೇಗಂಟ ನಾನೇ ಕೈ ಇಡ್ಕಂಡಿದ್ದೆ ಕಣಪ್ಪ. ತಾಳ ತಪ್ನಿಲ್ಲ. ವಸಿ ಜೋರಾಗೇ ಓಡ್ತಿತ್ತು" ಎಂದರು. ಅಳುವಿನ ನಡುವೆಯೂ ಆ ಮಾತಿನಲ್ಲಿ ಹೆಮ್ಮೆಯಿತ್ತು. ನನಗೂ ಇತ್ತು.

ಕಳೆದ ತಿಂಗಳು ವರದಿ ಕಳಿಸಿ ಮುಗಿಸಿದ ಮೇಲೆ ಮದ್ದೂರಿನಿಂದ ಮಂಡ್ಯಕ್ಕೆ ಬರಬೇಕಾದವನು ಮಳವಳ್ಳಿ ಕಡೆ ತಿರುಗಿದೆ. ಮೈದಾನದಲ್ಲಿ ಇನ್ನೂ ಬೆಳಕಿತ್ತು. ಬೇರೊಬ್ಬ ಮೇಷ್ಟ್ರು ಕಲಿಸುತ್ತಿದ್ದರು. ಒಳ್ಳೆಯವರು, ಚೆನ್ನಾಗಿಯೇ ಕಲಿಸುತ್ತಾರೆ. ಬೈಯುವುದು ಮಾತ್ರ ಸಾಲದು…